ಹುತ್ತದಿಂದ ಏಳುವ ಭೂತಗಳು: ‘ಅಕಾಟ ವಾರಿಯರ್’ ಓದಿದ ಮೇಲೆ

ಮೂಡಬಿದ್ರೆಯಲ್ಲಿ ಪಿಯುಸಿ ಓದುವ ಅಕ್ಕನ ಮಗಳು ಎರಡು ಪುಸ್ತಕ ಕೈಗಿಟ್ಟು, “ಚಿಕ್ಕಮ್ಮ, ಎರಡನೆಯದು ಜಾಸ್ತಿ ಒಳ್ಳೇದುಂಟು” ಅಂದಳು. ಮಕ್ಕಳ ಮಾಟಮಂತ್ರದ ಕತೆ ಅಲ್ವಾ ಅಂತ ಒಂದು ತಿಂಗಳು ಮುಟ್ಟಿರಲಿಲ್ಲ. ಆಮೇಲೆ ಕಾಪು–ಮಂಗಳೂರು ಬಸ್ಸಿನಲ್ಲಿ ಸುಮ್ನೆ ತೆರೆದೆ. ಮೊದಲನೆಯದು ಮುಗಿದು ಎರಡನೆಯದಕ್ಕೆ ಕೈ ಹಾಕಿದ ದಿನ, ಕೊಟ್ಟಾರ ಚೌಕಿಯಲ್ಲಿ ಇಳಿಯಬೇಕಾದವಳು ಲಾಲ್‌ಬಾಗ್ ತನಕ ಹೋದೆ.

ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನ್ನೆಡಿ ಒಕೊರಾಫೋರ್ ಬರೆದ ‘ಅಕಾಟ ವಾರಿಯರ್’ 2017ರದ್ದು. ಮೊದಲ ಭಾಗ ‘ಅಕಾಟ ವಿಚ್’ 2011ರಲ್ಲೇ ಬಂದಿತ್ತು. ಅದನ್ನು ಓದದೆ ಇದಕ್ಕೆ ಕೈ ಹಾಕಬೇಡಿ, ತಲೆಬುಡ ಗೊತ್ತಾಗುವುದಿಲ್ಲ. ಕತೆಯ ನಾಯಕಿ ಸನ್ನಿ ಅಮೆರಿಕದಲ್ಲಿ ಹುಟ್ಟಿ ನೈಜೀರಿಯಾಕ್ಕೆ ಬಂದ, ಅಲ್ಲಿನ ಇಗ್ಬೋ ಜನಾಂಗದ ಹುಡುಗಿ. ಹುಟ್ಟಿನಿಂದಲೇ ಮೈಬಣ್ಣ, ಕೂದಲು ಎಲ್ಲ ಬಿಳಿಚಿಕೊಂಡವಳು. ಅವಳನ್ನು ಸೇರಿಸಿಕೊಂಡ ಮಂತ್ರವಾದಿಗಳ ಗುಟ್ಟಿನ ಕೂಟದ ಹೆಸರಲ್ಲಿ ಚಿರತೆ ಇದೆ. ಪಿಲಿವೇಷ, ಅಂದರೆ ಹುಲಿವೇಷ ಕುಣಿಯುವ ಊರಿನವರಿಗೆ ಇದೇನು ಹೊಸದಲ್ಲ.

ನಾನು ನಿಂತು ನಿಂತು ಓದಿದ್ದು ಅಲ್ಲಿಯ ಮುಖವಾಡದ ಭೂತಗಳ ಭಾಗ. ಅವು ಬರುವುದು ಗೆದ್ದಲು ಹುತ್ತದೊಳಗಿಂದ! ನಮ್ಮಲ್ಲಿ ಹುತ್ತ ಕಂಡರೆ ಚಪ್ಪಲಿ ಬಿಟ್ಟು ಕೈಮುಗಿಯುತ್ತೇವೆ. ಓದುತ್ತಾ ಅಜ್ಜಿಮನೆಯ ಭೂತಕೋಲ ಕಣ್ಣಮುಂದೆ ಬಂತು. ಚಪ್ಪರದ ಮೂಲೆಯಲ್ಲಿ ಭೂತ ಕಟ್ಟುವವರು ಅಂಗೈಯಷ್ಟಗಲದ ಕನ್ನಡಿ ಹಿಡಿದು ಮುಖಕ್ಕೆ ಹಳದಿ ಅರದಳ ಹಚ್ಚಿಕೊಳ್ಳುತ್ತಿದ್ದರು. ಬೆಳಿಗ್ಗೆಯಷ್ಟೇ ಅಜ್ಜಿಯಿಂದ ಎಲೆ ಅಡಿಕೆ ಕೇಳಿ ತಿಂದವರು. ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಅಜ್ಜಿಯೇ ಅವರ ಮುಂದೆ ತಲೆ ತಗ್ಗಿಸಿ ನಿಂತರು. ಒಳಗಿರುವುದು ಯಾರು ಅಂತ ಎಲ್ಲರಿಗೂ ಗೊತ್ತು, ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಇಗ್ಬೋ ಊರುಗಳಲ್ಲೂ ಹೀಗೇ.

ಇನ್ನೊಂದು, ನ್ಸಿಬಿಡಿ. ಆಗ್ನೇಯ ನೈಜೀರಿಯಾದಲ್ಲಿ ನಿಜವಾಗಿ ಇರುವ ಹಳೆಯ ಚಿಹ್ನೆಗಳ ಬರಹ ಅದು. ಕತೆಯಲ್ಲಿ ಸನ್ನಿ ಅದನ್ನು ಓದಲು ಕೂತರೆ ಮೈಯ ಕಸುವೆಲ್ಲ ಸೋರಿಹೋಗುತ್ತದೆ. ನಮ್ಮ ಅಟ್ಟದಲ್ಲಿ ತುಳು ಲಿಪಿಯ ಓಲೆಗರಿ ಕಟ್ಟೊಂದಿದೆ. ಮನೆಯಲ್ಲಿ ಓದಲು ಬರುವವರು ಯಾರೂ ಇಲ್ಲ. ಆ ಪುಟಗಳನ್ನು ಓದುವಾಗ ಸ್ವಲ್ಪ ನಾಚಿಕೆಯೇ ಆಯಿತು.

ಸನ್ನಿಯ ಅಣ್ಣ ಕಾಲೇಜಿನ ಪುಂಡರ ಗುಂಪಿಗೆ ಸಿಕ್ಕಿಬೀಳುವ ಭಾಗದಲ್ಲಿ ಮಂತ್ರಕ್ಕಿಂತ ಮನೆಯ ಹೆದರಿಕೆ ಜಾಸ್ತಿ. ಅದೇ ನನಗೆ ಹೆಚ್ಚು ಹಿಡಿಸಿತು. ಲಾಗೋಸಿನ ನೆಲದಡಿ ಕೂತ ದೈತ್ಯ ಜೇಡ ಉಡಿಡೆಯೂ ಚೆನ್ನಾಗಿದೆ.

ಬೇಜಾರು ತಂದದ್ದು ಕೊನೆ. ಎಕ್ವೆನ್ಸು ಎಂಬ ದುಷ್ಟ ಭೂತದ ಜತೆಗಿನ ಕಾದಾಟಕ್ಕೆ ಅಷ್ಟುದ್ದ ದಾರಿ ನಡೆಸಿ, ಫಕ್ಕನೆ ಮುಗಿಸಿಬಿಡುತ್ತಾರೆ. ರಾತ್ರಿಯಿಡೀ ಯಕ್ಷಗಾನ ನೋಡಿ, ಯುದ್ಧದ ಹೊತ್ತಿಗೆ ಭಾಗವತರು ಮಂಗಳ ಹಾಡಿದ ಹಾಗೆ. ಅಲ್ಲಲ್ಲಿ ಬರುವ ನೈಜೀರಿಯಾದ ಪಿಜಿನ್ ಇಂಗ್ಲಿಷ್ ಮೆಲ್ಲಗೆ ಬಾಯಲ್ಲಿ ಹೇಳಿಕೊಂಡರೆ ಮಾತ್ರ ಅರ್ಥವಾಗುತ್ತದೆ. ಬಸ್ಸಲ್ಲಿ ಪಕ್ಕದವರು ನೋಡಿದರು.

ಮೂರನೇ ಭಾಗ 2022ರಲ್ಲೇ ಬಂದಿದೆ. ಹುಡುಗಿಗೆ ಫೋನ್ ಮಾಡಿದರೆ, “ದಸರಾ ರಜೆಗೆ ತರ್ತೇನೆ, ಮೊದಲು ಈ ಎರಡನ್ನು ವಾಪಸ್ ಕೊಡಿ” ಅಂದಳು.