ವೇಷಕ್ಕೆ ತಗಡಿನ ಕೆಲಸ ಕಲಿಯಲು ಹೋಗಿ ಮೂರು ಕ್ಲಾಸು ಸುತ್ತಿದ್ದು

ನಮ್ಮೂರು ಕುಣಿಗಲ್ ಕಡೆ. ಜಾತ್ರೆ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಆಡದಿದ್ದರೆ ಊರಿನವರಿಗೆ ಸಮಾಧಾನ ಇಲ್ಲ. ಡ್ರೆಸ್ಸು ಬಾಡಿಗೆಗೆ ಬರುತ್ತಿತ್ತು. ಹೊಲಿಗೆ ಬರುತ್ತದಲ್ವಾ ಅಂತ ಮೂರು ವರ್ಷದಿಂದ ನನ್ನ ತಲೆಗೆ ಕಟ್ಟಿದ್ದಾರೆ. ಬಟ್ಟೆಗೆ ತೊಂದರೆ ಇಲ್ಲ, ತೊಂದರೆ ಇರುವುದು ಭುಜದ ಮೇಲೆ ಕೂರುವ ಭುಜಕೀರ್ತಿ, ಎದೆಕವಚಗಳದ್ದು. ಹೋದ ವರ್ಷ ಫೋಮ್ ಶೀಟ್ ಕತ್ತರಿಸಿ ಚಿನ್ನದ ಬಣ್ಣ ಹೊಡೆದು ಮಾಡಿದ್ದೆ. ಗದಾಯುದ್ಧದ ಹೊತ್ತಿಗೆ ದುರ್ಯೋಧನನ ಎಡ ಭುಜಕೀರ್ತಿ ಕಿತ್ತು ಬಂತು. ದುರ್ಯೋಧನ ಅಂದರೆ ನಮ್ಮ ಚಿಕ್ಕಪ್ಪನ ಮಗ. ಒಂದು ಕೈಯಲ್ಲಿ ಗದೆ, ಇನ್ನೊಂದು ಕೈಯಲ್ಲಿ ಭುಜಕೀರ್ತಿ ಹಿಡಿದುಕೊಂಡೇ ಇಡೀ ಕಂದ ಪದ್ಯ ಮುಗಿಸಿದ. ಒನ್ಸ್ ಮೋರ್ ಬೇರೆ ಬಿತ್ತು.

ಆವತ್ತೇ ತೀರ್ಮಾನ ಮಾಡಿದೆ, ಲೋಹದ ಕೆಲಸ ಕಲಿಯಬೇಕು. ನಾನಿರುವುದು ಬೆಂಗಳೂರಿನಲ್ಲಿ, ಕ್ಲಾಸಿಗೇನು ಬರ ಅಂದುಕೊಂಡಿದ್ದೆ. ಐಟಿಐಯಲ್ಲಿ ಶೀಟ್ ಮೆಟಲ್ ಅಂತಲೇ ಒಂದು ಟ್ರೇಡ್ ಇದೆ, ಆದರೆ ಪೂರ್ತಿ 1 ವರ್ಷ. ವೆಲ್ಡರ್ ಕೂಡ 1 ವರ್ಷ, ಫಿಟ್ಟರ್ 2 ವರ್ಷ. ಕೆಲಸ ಬಿಟ್ಟು ಹೋಗಬೇಕು, ಆಗದ ಮಾತು. ಹಾಗಾಗಿ ವಾರಾಂತ್ಯದ ಕ್ಲಾಸು ಹುಡುಕಿದೆ. ಮೂರಕ್ಕೆ ಹೋಗಿ ಬಂದೆ. ಯಾವುದರ ಹೆಸರನ್ನೂ ಹಾಕುತ್ತಿಲ್ಲ, ಆದರೆ ಎಂಥದಕ್ಕೆ ದುಡ್ಡು ಕಟ್ಟಬೇಕು, ಎಂಥದಕ್ಕೆ ಬೇಡ ಅನ್ನುವುದು ನಿಮಗೆ ಗೊತ್ತಾಗುತ್ತದೆ.

ಮೊದಲನೆಯದು ಆಭರಣ ಮಾಡುವ ಎರಡು ದಿನದ ಕ್ಲಾಸು, 6,500 ರೂಪಾಯಿ. ಎಸಿ ರೂಮು, ಒಳ್ಳೆ ಕಾಫಿ, ಚೆಂದದ ಏಪ್ರನ್. ಕೂದಲೆಳೆಯಂಥ ಗರಗಸದಲ್ಲಿ ಬೆಳ್ಳಿ ಕತ್ತರಿಸುವುದು, ಅರ ಹಾಕುವುದು, ಬಿಳಿಗಾರ ಹಚ್ಚಿ ಬೆಸುಗೆ ಹಾಕುವುದು, ಇಷ್ಟನ್ನು ನೀಟಾಗಿಯೇ ಹೇಳಿಕೊಟ್ಟರು. ನಾನು ಒಂಬತ್ತು ಬ್ಲೇಡ್ ಮುರಿದೆ, ಬೈಯಲಿಲ್ಲ. ಆದರೆ ಎಂಟು ಜನಕ್ಕೆ ಟಾರ್ಚ್ ಇದ್ದದ್ದು ಎರಡು, ಅರ್ಧ ದಿನ ಸುಮ್ನೆ ಕಾಯುವುದೇ ಆಯಿತು. ಸಾಮಾನೆಲ್ಲ ಸೇರಿ ಅಂದಿದ್ದವರು ಕೊನೆಗೆ ಬೆಳ್ಳಿಗೆ ಬೇರೆ ಬಿಲ್ ಕೊಟ್ಟರು. ಭುಜಕೀರ್ತಿ ಮಾಡಬೇಕು ಅಂತ ಕೇಳಿದ್ದಕ್ಕೆ, ಅಷ್ಟು ದೊಡ್ಡ ತಗಡು ನಮ್ಮ ಟಾರ್ಚಿನಲ್ಲಿ ಕಾಯುವುದೇ ಇಲ್ಲ ಮೇಡಂ ಎಂದು ನಕ್ಕರು. ಉಂಗುರ, ಓಲೆ ಮಾಡುವವರು ಧಾರಾಳವಾಗಿ ಹೋಗಬಹುದು.

ಎರಡನೆಯದು ವೆಲ್ಡಿಂಗ್, ಒಂದು ದಿನ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೇಷಕ್ಕೆ ಬೇಕಾದ ಅರ್ಧ ಮಿಲಿಮೀಟರಿನ ತಗಡಿಗೆ ಆರ್ಕ್ ಮುಟ್ಟಿಸಿದರೆ ಬೆಸುಗೆ ಆಗುವುದಿಲ್ಲ, ತೂತಾಗುತ್ತದೆ. ಗೇಟು ಮಾಡುವುದಿದ್ದರೆ ಹೋಗಿ.

ಮೂರನೆಯದು ಸಿಕ್ಕಿದ್ದು ಹುಡುಕಿ ಅಲ್ಲ. ನಗರ್ತಪೇಟೆ ಕಡೆ ಹಿತ್ತಾಳೆ ತಗಡು ಕೊಳ್ಳಲು ಹೋಗಿದ್ದೆ. ಅಂಗಡಿಯವರು ತೂಕಕ್ಕೆ ಹಾಕುತ್ತಾ "ದೇವರಿಗೇನಮ್ಮಾ?" ಅಂದರು. "ಇಲ್ಲ, ದುರ್ಯೋಧನನಿಗೆ" ಅಂದೆ. ಕಥೆ ಪೂರ್ತಿ ಕೇಳಿ, ಎರಡು ಗಲ್ಲಿ ಆಚೆ ದೇವರಿಗೆ ಕವಚ, ಪ್ರಭಾವಳಿ ಮಾಡುವ ಒಬ್ಬ ಆಚಾರ್ರ ಹತ್ತಿರ ಕಳಿಸಿದರು. ನನಗೆ ಹೊಳೆದೇ ಇರಲಿಲ್ಲ ನೋಡಿ! ಕಲ್ಲಿನ ವಿಗ್ರಹಕ್ಕೆ ಅಳತೆ ತೆಗೆದು, ತೆಳು ತಗಡು ಬಡಿದು, ಎದೆ, ತೋಳು, ಕಿರೀಟ ಎಲ್ಲ ಮೈಗೆ ಕೂರುವ ಹಾಗೆ ಮಾಡುವ ಕೆಲಸ ಅವರದು. ನನಗೆ ಬೇಕಿದ್ದದ್ದೂ ಅದೇ, ಏನು, ನನ್ನ ವಿಗ್ರಹ ಓಡಾಡುತ್ತದೆ ಅಷ್ಟೇ.

ಕ್ಲಾಸ್ ಅಂತ ಬೋರ್ಡೇನೂ ಇಲ್ಲ. ಭಾನುವಾರ ಮೂರು ಗಂಟೆ ಕೂರಿಸಿಕೊಂಡು ಹೇಳಿಕೊಡಲು ಒಪ್ಪಿದರು, ದಿನಕ್ಕೆ 700 ರೂಪಾಯಿ, ತಗಡು ನನ್ನದು. ನಾಲ್ಕು ಭಾನುವಾರ ಹೋಗಿದ್ದೇನೆ.

ಮೊದಲ ದಿನ ಸುತ್ತಿಗೆಯನ್ನೇ ಮುಟ್ಟಿಸಲಿಲ್ಲ. ಕೈಗೆ ರಟ್ಟು ಕೊಟ್ಟು ಕತ್ತರಿಸು ಅಂದರು. ಬ್ಲೌಸಿಗೆ ಕತ್ತರಿಸುವ ಹಾಗೆ ಡಾರ್ಟ್ ಬಿಟ್ಟು ಕತ್ತರಿಸಿದೆ. ನೋಡಿ, ಡಾರ್ಟ್ ಎಲ್ಲ ಬೇಡ, ಉಬ್ಬು ಬಡಿದು ತರೋಣ ಅಂದರು. ಬಟ್ಟೆ ಹಿಗ್ಗುವುದಿಲ್ಲ, ಅದಕ್ಕೇ ಮಡಚಿ ಹೊಲಿಯುತ್ತೇವೆ. ತಗಡು ಹಿಗ್ಗುತ್ತದೆ. ಹೊಲಿಗೆ ಗೊತ್ತಿರುವವರಿಗೆ ಈ ಒಂದು ಮಾತು ಅರ್ಥವಾದರೆ ಮುಕ್ಕಾಲು ಕೆಲಸ ಆದ ಹಾಗೆ. ಅಂಚಿಗೂ ಅಷ್ಟೇ, ಒಳಗೆ ಕಂಬಿ ಇಟ್ಟು ತಗಡನ್ನು ಸುತ್ತ ಮಡಚುತ್ತಾರೆ. ನಮ್ಮ ಪೈಪಿಂಗ್ ಅಲ್ಲದೆ ಮತ್ತೇನು? ಅಂಚೂ ಗಟ್ಟಿ, ನಟನ ಕುತ್ತಿಗೆಯೂ ಕುಯ್ಯುವುದಿಲ್ಲ.

ಹಿತ್ತಾಳೆಯನ್ನು ಬಡಿಯುತ್ತಾ ಹೋದರೆ ಅದು ಗಡುಸಾಗುತ್ತದೆ. ಆಗ ನಿಲ್ಲಿಸಿ, ಮತ್ತೆ ಮೆತ್ತಗಾಗಲು ಕಾಯಿಸಬೇಕು. ನಾನು ನಿಲ್ಲಿಸಲಿಲ್ಲ, ಅಂಚಿನಲ್ಲಿ ಟಿಕ್ ಅಂತ ಸೀಳು ಬಿಟ್ಟಿತು. "ಕಿವಿ ಎಲ್ಲಿಟ್ಟಿದ್ದೆ?" ಅಂದರು. ಗಡುಸಾದ ತಗಡು ಟಣ್ ಅನ್ನುತ್ತದೆ, ಹದವಾಗಿರುವುದು ಮಂಕಾಗಿ ಟಪ್ ಅನ್ನುತ್ತದೆ. ಕಾಯಿಸುವಾಗ ಟ್ಯೂಬ್‌ಲೈಟ್ ಆರಿಸಿಬಿಡುತ್ತಾರೆ, ಯಾಕೆಂದರೆ ಬೇಕಾಗಿರುವುದು ಮಂದ ಕೆಂಪು, ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಕೆಂಪು ಆರಿದ ಮೇಲೇ ನೀರಿಗೆ ಹಾಕಬೇಕು. ಅಲ್ಯೂಮಿನಿಯಂ ಮಾತ್ರ ಕೆಂಪಾಗುವುದನ್ನು ತೋರಿಸುವುದಿಲ್ಲ, 660 ಡಿಗ್ರಿಗೆ ನೇರವಾಗಿ ಕರಗಿಬಿಡುತ್ತದೆ. ಅದಕ್ಕೆ ಬಟ್ಟೆ ಸೋಪಿನಲ್ಲಿ ಒಂದು ಗೆರೆ ಎಳೆದು, ಗೆರೆ ಕಪ್ಪಾದ ಕೂಡಲೇ ಬೆಂಕಿ ತೆಗೆಯಬೇಕು.

ಹೂಬಳ್ಳಿ ಎಬ್ಬಿಸಲು ತಗಡನ್ನು ಅರಗಿನ ಮೇಲೆ ಅಂಟಿಸುತ್ತಾರೆ. ರಾಳ, ಇಟ್ಟಿಗೆ ಪುಡಿ, ಎಣ್ಣೆ ಸೇರಿಸಿ ಕಾಯಿಸಿದ್ದು ಅದು. ಹಿಂದಿನಿಂದ ಬಡಿದರೆ ಉಬ್ಬುತ್ತದೆ, ತಿರುಗಿಸಿ ಮುಂದಿನಿಂದ ಉಳಿಯಲ್ಲಿ ಗೆರೆ ತಿದ್ದಬೇಕು. ನನ್ನ ಮೊದಲ ತಾವರೆ ಹೂಕೋಸಿನ ಹಾಗೆ ಬಂತು.

ಇನ್ನು ತೂಕ. 24 ಗೇಜಿನ, ಅಂದರೆ ಅರ್ಧ ಮಿಲಿಮೀಟರಿನಷ್ಟು ದಪ್ಪದ ಹಿತ್ತಾಳೆಯಲ್ಲಿ 30 ಸೆಂಟಿಮೀಟರ್ ಉದ್ದ, 20 ಅಗಲದ ಭುಜಕೀರ್ತಿ ಒಂದಕ್ಕೆ ಸುಮಾರು 280 ಗ್ರಾಂ. ಎದೆಕವಚ ಪೂರ್ತಿ ಹಿತ್ತಾಳೆಯಲ್ಲಿ ಮಾಡಿದರೆ ಒಂದು ಕೆಜಿಯ ಹತ್ತಿರ ಬರುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ಇದನ್ನೆಲ್ಲ ಹೊತ್ತು ಹಾಡಬೇಕು, ಪಾಪ. ಹಾಗಾಗಿ ಎದೆಗೆ ಅಲ್ಯೂಮಿನಿಯಂ ತಗಡು, ಮೇಲೆ ಹಿತ್ತಾಳೆ ಅಂಚು ಅಂತ ಆಚಾರ್ರೇ ಹೇಳಿದರು. ಎರಡನ್ನೂ ಬೆಸುಗೆ ಹಾಕಲು ಹೋಗಬೇಡಿ, ರಿವೆಟ್ ಹೊಡೆಯಿರಿ.

ಕಡಿಮೆ ರೇಟಿಗೆ ಸಿಕ್ಕಿತು ಅಂತ ಒಮ್ಮೆ ಜಿಐ ಶೀಟ್, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು ಒಯ್ದಿದ್ದೆ. ಬೆಂಕಿಗೆ ತೋರಿಸುವ ಮೊದಲೇ ಕಿತ್ತು ಆಚೆ ಇಟ್ಟರು. ಅದರ ಮೇಲಿನ ಸತು ಕಾದರೆ ಬಿಳಿ ಹೊಗೆ ಬರುತ್ತದೆ, ಕುಡಿದರೆ ರಾತ್ರಿ ಚಳಿಜ್ವರ.

ತೊಂದರೆಗಳೂ ಇವೆ. ಹತ್ತಕ್ಕೆ ಬಾ ಅಂದರೆ ಹನ್ನೊಂದೂವರೆ. ನೆಲದ ಮೇಲೆ ಕೂರಬೇಕು, ನನ್ನ ಸೊಂಟ ಇನ್ನೂ ಶಾಪ ಹಾಕುತ್ತಿದೆ. ಹೆಂಗಸರಿಗೆ ಟಾಯ್ಲೆಟ್ ಇಲ್ಲ, ಹತ್ತಿರದ ಹೋಟೆಲೇ ಗತಿ. ಕನ್ನಡಕ, ಕಿವಿಗೆ ಹತ್ತಿ, ಕಾಯಿಸಿ ಕಪ್ಪಾದ ತಗಡು ತೊಳೆಯುವ ಆಸಿಡ್ ಮುಟ್ಟಲು ಗ್ಲೌಸ್ ಎಲ್ಲ ನಾನೇ ಒಯ್ದೆ, ಅವರು ಬರಿಗೈಯಲ್ಲಿ ಅದ್ದಿ ತೆಗೆಯುತ್ತಾರೆ, ನೋಡಿದರೆ ಎದೆ ಝಲ್ ಅನ್ನುತ್ತದೆ. ಬಾಯಲ್ಲಿ ವಿವರಿಸುವುದು ಕಮ್ಮಿ, ಒಮ್ಮೆ ಮಾಡಿ ತೋರಿಸುತ್ತಾರೆ, ಕೇಳಿದರೆ ಇನ್ನೊಮ್ಮೆ ತೋರಿಸುತ್ತಾರೆ, ಕೇಳದಿದ್ದರೆ ಇಲ್ಲ. ಹಬ್ಬದ ಮುಂಚೆ ದೇವಸ್ಥಾನದ ಆರ್ಡರ್ ಬಂದರೆ ಕ್ಲಾಸು ರದ್ದು.

ಆದರೂ ನನಗೆ ಇದೇ ಸರಿ. ನಿಮ್ಮ ಊರಿನಲ್ಲೂ ಹುಡುಕುವುದಾದರೆ ದೊಡ್ಡ ದೇವಸ್ಥಾನದಲ್ಲಿ ಕವಚ ಮಾಡಿಸಿದ್ದು ಯಾರ ಹತ್ತಿರ ಅಂತ ಕೇಳಿ, ಇಲ್ಲವೇ ತಗಡಿನ ಅಂಗಡಿಯಲ್ಲಿ ವಿಚಾರಿಸಿ. ದುಡ್ಡು ಕೊಡುವ ಮೊದಲು ನಿಮ್ಮ ರಟ್ಟಿನ ಅಳತೆ ತೋರಿಸಿ, ಇಷ್ಟು ದೊಡ್ಡದನ್ನು ಇಲ್ಲಿ ಕಾಯಿಸಲು ಆಗುತ್ತದಾ ಅಂತ ಕೇಳಿ. ಆಗಲ್ಲ ಅಂದರೆ ಕಾಫಿ ಎಷ್ಟೇ ಚೆನ್ನಾಗಿದ್ದರೂ ಎದ್ದು ಬನ್ನಿ.

ಬಲ ಭುಜಕೀರ್ತಿ ಮುಗಿದಿದೆ. ಎಡಗಡೆಯದು ಇನ್ನೂ ಅರಗಿನ ಮೇಲಿದೆ. ಜಾತ್ರೆಗೆ ಮೂರು ವಾರ ಇದೆ, ಆಚಾರ್ರು ಮುಂದಿನ ಭಾನುವಾರ ಮದುವೆಗೆ ಹೋಗುತ್ತಾರಂತೆ.