ವರ್ಷಗಟ್ಟಲೆ ವಿಮ್ ಬಳಸಿದ ಮೇಲೆ: ಎಲ್ಲಾ ಚೆನ್ನಾಗಿದೆ, ಫೋಲ್ಡರ್ ತೆರೆಯುವುದೊಂದು ಬಿಟ್ಟು

ಫೈಲ್ ಬರೆದು ತಿದ್ದುವ ಎಡಿಟರ್ ಸಾಫ್ಟ್‌ವೇರ್ ವಿಮ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. 2016ರಲ್ಲಿ ವಿಮ್ 8 ಬಂದಾಗಿನಿಂದ ನನ್ನ ಕೆಲಸವೆಲ್ಲ ಹೆಚ್ಚುಕಡಿಮೆ ಇದರಲ್ಲೇ. ತುಮಕೂರಿನಲ್ಲಿ ಕೂತು ಕೊಬ್ಬರಿ, ಅಡಿಕೆ ವ್ಯಾಪಾರಿಗಳಿಗೆ ದರಪಟ್ಟಿ, ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುತ್ತೇನೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಥಟ್ಟಂತ ತೆರೆದುಕೊಳ್ಳುತ್ತದೆ. ದುಡ್ಡು ಕೊಡಬೇಕಿಲ್ಲ. ಇಷ್ಟವಾದರೆ ಉಗಾಂಡಾದ ಮಕ್ಕಳಿಗೆ ಸಹಾಯ ಮಾಡಿ ಅಂತ ಇದನ್ನು ಬರೆದ ಬ್ರಾಮ್ ಮೊಲೆನಾರ್ ಕೇಳಿಕೊಂಡಿದ್ದರು. 2023ರಲ್ಲಿ ಅವರು ತೀರಿಕೊಂಡಾಗ ನನಗೆ ನಿಜಕ್ಕೂ ಬೇಜಾರಾಯಿತು.

ಒಂದು ಅಂಕ ಕಡಿಮೆ ಮಾಡಿದ್ದು ಫೋಲ್ಡರ್ ವಿಷಯಕ್ಕೆ.

ನನ್ನ ಹತ್ತಿರ ತಾಲ್ಲೂಕಿಗೊಂದು ಫೋಲ್ಡರ್ ಇದೆ. ತಿಪಟೂರು, ಗುಬ್ಬಿ, ತುರುವೇಕೆರೆ, ಹೀಗೆ ಜಿಲ್ಲೆಯ 10 ತಾಲ್ಲೂಕಿಗೂ. ಪ್ರತಿಯೊಂದರಲ್ಲೂ ‘ದರ’ ಅನ್ನುವ ಫೈಲ್. ಇವೆಲ್ಲ ಇರುವ ಹೊರಗಿನ ಫೋಲ್ಡರ್‌ನಿಂದ ವಿಮ್ ಶುರು ಮಾಡಿ, ತಿಪಟೂರಿನ ದರ ತೆರೆದಿದ್ದೀರಿ ಅಂದುಕೊಳ್ಳಿ. ಈಗ ಫೈಲ್ ತೆರೆಯುವ ಕಮಾಂಡ್ ಆದ ಕೋಲನ್, ಇ, ಆಮೇಲೆ ಜಾಗ ಬಿಟ್ಟು ಒಂದು ಚುಕ್ಕೆ ಒತ್ತಿದರೆ ಎಲ್ಲಾ ತಾಲ್ಲೂಕಿನ ಪಟ್ಟಿ ಬರುತ್ತದೆ. ಅದರ ಬದಲು ಕೋಲನ್ ಒತ್ತಿ ‘ಎಕ್ಸ್‌ಪ್ಲೋರ್’ ಅಂತ ಕೊಟ್ಟರೆ ತಿಪಟೂರಿನ ಒಳಗಿನ ಪಟ್ಟಿ. ಮೊದಲನೆಯದು ವಿಮ್ ನಿಂತಿರುವ ಜಾಗ, ಅಂದರೆ ಇಲ್ಲಿ ಅದನ್ನು ಶುರು ಮಾಡಿದ ಫೋಲ್ಡರ್ ನೋಡುತ್ತದೆ, ಎರಡನೆಯದು ಫೈಲ್ ಇರುವ ಜಾಗ. ಎರಡೂ ಬೇಕಾದವೇ. ಆದರೆ ಪಟ್ಟಿಯ ತಲೆಯಲ್ಲಿರುವ ಪಾತ್ (ಫೋಲ್ಡರ್‌ನ ವಿಳಾಸ) ಓದದಿದ್ದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಫೈಲ್‌ನಲ್ಲಿ ಮಾಡಿದ ಬದಲಾವಣೆ ಸೇವ್ ಆಗಿಲ್ಲದಿದ್ದರಂತೂ ಮೊದಲನೆಯದು ಇ37 ಅಂತ ಎರರ್ ಕೊಟ್ಟು ನಿಲ್ಲುತ್ತದೆ, ಎಕ್ಸ್‌ಪ್ಲೋರ್ ಸುಮ್ನೆ ವಿಂಡೋವನ್ನು ಎರಡು ಮಾಡಿ ಪಟ್ಟಿ ತೋರಿಸುತ್ತದೆ. ಸೇವ್ ಆಗದ ಫೈಲನ್ನು ಹಿಂದೆ ಇಟ್ಟುಕೊಳ್ಳುವ ‘ಹಿಡನ್’ ಸೆಟ್ಟಿಂಗ್ ಹಾಕಿಕೊಂಡರೆ ಈ ತೊಂದರೆ ಇಲ್ಲ. ಎಡಗಡೆ ಪಟ್ಟಿ ತೆರೆಯುವ ‘ಲೆಕ್ಸ್‌ಪ್ಲೋರ್’ ಎರಡನೇ ಸಲ ಕೊಟ್ಟರೆ ಪಟ್ಟಿ ಮುಚ್ಚುತ್ತದೆ, ವಿಂಡೋವನ್ನು ಉದ್ದಕ್ಕೆ ಸೀಳಿ ಪಟ್ಟಿ ತೆರೆಯುವ ‘ವೆಕ್ಸ್‌ಪ್ಲೋರ್’ ಎರಡನೇ ಸಲ ಕೊಟ್ಟರೆ ಇನ್ನೊಂದು ಪಟ್ಟಿ ತೆರೆಯುತ್ತದೆ. ಒಂದೇ ಮನೆಯ ಕಮಾಂಡ್‌ಗಳು ಹೀಗೆ ಬೇರೆ ಬೇರೆ ಥರ ಯಾಕೆ ಇರಬೇಕು?

ಹೊಸಬರನ್ನು ನಿಜವಾಗಿ ಹೆದರಿಸುವುದು ಇನ್ನೊಂದು. ಕೆಲಸ ಕಲಿಯಲು ಬಂದ ಹುಡುಗ ಪಟ್ಟಿಯಲ್ಲಿ ಗುಬ್ಬಿ ಫೋಲ್ಡರ್ ಒಳಗೆ ಹೋದ. ದರ ಫೈಲ್ ಕಣ್ಣೆದುರೇ ಇತ್ತು. ಎಂಟರ್ ಒತ್ತುವ ಬದಲು ಕೋಲನ್ ಇ ಹಾಕಿ ‘ದರ’ ಅಂತ ಟೈಪ್ ಮಾಡಿದ. ಪರದೆ ಖಾಲಿ. “ಅಣ್ಣಾ, ಗುಬ್ಬಿ ದರ ಎಲ್ಲಾ ಹೋಯ್ತು!” ಅಂತ ಕೂಗಿದ. ಏನೂ ಹೋಗಿರಲಿಲ್ಲ. ಪಟ್ಟಿಯಲ್ಲಿ ಎಲ್ಲಿಗೆ ಹೋದರೂ ವಿಮ್ ಮಾತ್ರ ಹಳೇ ಜಾಗದಲ್ಲೇ ನಿಂತಿರುತ್ತದೆ. ಹಾಗಾಗಿ ಹೊರಗಿನ ಫೋಲ್ಡರ್‌ನಲ್ಲಿ ಹೊಸ ದರ ಫೈಲ್ ತೆರೆದುಕೊಂಡಿತ್ತು. ಅದನ್ನು ಸೇವ್ ಮಾಡಿದ್ದರೆ ಯಾವ ತಾಲ್ಲೂಕಿಗೂ ಸೇರದ ಒಂದು ಫೈಲ್ ಅಲ್ಲೇ ಬಿದ್ದಿರುತ್ತಿತ್ತು.

ಇದಕ್ಕೆ ಕಾರಣ ‘ನೆಟ್‌ಆರ್‌ಡಬ್ಲ್ಯೂ ಕೀಪ್‌ಡಿರ್’ ಅನ್ನುವ ಸೆಟ್ಟಿಂಗ್ (ನೆಟ್‌ಆರ್‌ಡಬ್ಲ್ಯೂ ಅಂದರೆ ಈ ಪಟ್ಟಿ ತೋರಿಸುವ ಪ್ಲಗಿನ್). ಅದು ಮೊದಲೇ 1 ಆಗಿರುತ್ತದೆ. ವಿಮ್‌ನ ಸೆಟ್ಟಿಂಗ್ ಫೈಲ್ ಆದ ವಿಮ್‌ಆರ್‌ಸಿಯಲ್ಲಿ 0 ಮಾಡಿದರೆ ನೀವು ಹೋದ ಫೋಲ್ಡರ್‌ಗೆ ವಿಮ್ ಕೂಡ ಬರುತ್ತದೆ. ಆ ಹುಡುಗನ ಕಂಪ್ಯೂಟರ್‌ನಲ್ಲಿ ಹಾಗೇ ಮಾಡಿಕೊಟ್ಟೆ. ನನ್ನದರಲ್ಲಿ 1 ಇದೆ, ಯಾಕೆಂದರೆ ನಾನು ಗ್ರೆಪ್ (ಪದ ಹುಡುಕುವ ಕಮಾಂಡ್), ಮೇಕ್ (ಬಿಲ್ಡ್ ಮಾಡುವ ಕಮಾಂಡ್) ಎಲ್ಲಾ ಹೊರಗಿನ ಫೋಲ್ಡರ್‌ನಿಂದಲೇ ಓಡಿಸಬೇಕು. ಫೈಲ್ ಇರುವ ಫೋಲ್ಡರ್ ಬೇಕಾದಾಗ ಕೋಲನ್ ಇ ಜೊತೆ ಪರ್ಸೆಂಟ್, ಕೋಲನ್, ಎಚ್ ಹಾಕುತ್ತೇನೆ. ಅನುಮಾನ ಬಂದರೆ ‘ಪಿಡಬ್ಲ್ಯೂಡಿ’ ಕೇಳಿದರೆ ಆಯಿತು, ಎಲ್ಲಿದ್ದೇನೆ ಅಂತ ಹೇಳುತ್ತದೆ. ಹೊಸಬರಿಗೆ ಮಾತ್ರ 0 ಇರುವುದೇ ಸರಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಗಿರಾಕಿಗಳ ಉಬುಂಟು (ಲಿನಕ್ಸ್) ಕಂಪ್ಯೂಟರ್‌ನಲ್ಲಿ ‘ವಿಐ’ ಅನ್ನುವ ಕಮಾಂಡ್ ಕೊಟ್ಟು ಫೋಲ್ಡರ್ ತೆರೆದರೆ ಪಟ್ಟಿ ಬರದೆ, ‘ಇದು ಡೈರೆಕ್ಟರಿ’ ಅಂತಷ್ಟೇ ಇಂಗ್ಲಿಷಿನಲ್ಲಿ ಹೇಳಿ ಖಾಲಿ ಪರದೆ ತೋರಿಸಬಹುದು. ಅಲ್ಲಿರುವುದು ವಿಮ್‌ನ ಚಿಕ್ಕ ರೂಪವಾದ ವಿಮ್ ಟೈನಿ, ಪಟ್ಟಿ ತೋರಿಸುವ ಪ್ಲಗಿನ್ ಅದರಲ್ಲಿ ಇಲ್ಲ. ‘ಸುಡೊ ಆಪ್ಟ್ ಇನ್‌ಸ್ಟಾಲ್ ವಿಮ್’ ಕೊಟ್ಟು ಪೂರ್ತಿ ವಿಮ್ ಹಾಕಿಕೊಳ್ಳಿ, ಪಟ್ಟಿ ಬರುತ್ತದೆ.