ಜೀಪಿನ ಏರ್ ಕಂಪ್ರೆಸರ್: ಗಾಡಿಯಲ್ಲೇ ಕೂರಿಸುವುದೋ, ಚೀಲದಲ್ಲಿ ಒಯ್ಯುವುದೋ?

ಮೂಡಿಗೆರೆ ಕಡೆಯ ಕಾಫಿ ತೋಟದ ದಾರಿಗಳಲ್ಲಿ ಮಳೆಗಾಲಕ್ಕೆ ಟೈರಿನ ಗಾಳಿಯನ್ನು 30ರಿಂದ 18 ಪಿಎಸ್‌ಐಗೆ ಇಳಿಸಿದರೆ ಚಕ್ರ ಅಗಲವಾಗಿ ನೆಲ ಕಚ್ಚುತ್ತದೆ. ಕಷ್ಟವಿರುವುದು ಡಾಂಬರು ಹತ್ತುವ ಮುನ್ನ ಮತ್ತೆ ತುಂಬುವುದರಲ್ಲಿ.

ಚೀಲದ ಕಂಪ್ರೆಸರ್ ಅಗ್ಗ. ಇಂದು ನಮ್ಮ ಜೀಪಿಗೆ, ನಾಳೆ ಭಾವನ ಪಿಕಪ್‌ಗೆ. ಆದರೆ ಲೈಟರ್ ಸಾಕೆಟ್‌ಗೆ ಚುಚ್ಚುವ ಪುಟ್ಟ ಪಂಪು ದೊಡ್ಡ ಟೈರಿನ ಮುಂದೆ ಏದುಸಿರು ಬಿಡುತ್ತದೆ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದನ್ನೇ ಕೊಳ್ಳಿ. ಮುಳ್ಳಯ್ಯನಗಿರಿಗೆ ರಸ್ತೆಯಲ್ಲೇ ಹೋಗಿಬರುವವರಿಗೆ ಇಷ್ಟು ಧಾರಾಳ.

ವಾರವಾರ ಕೆಸರಿಗಿಳಿಯುವವರಿಗೆ, ಏರ್ ಲಾಕರ್ (ಅಚ್ಚಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಗಾಳಿಯ ಒತ್ತಡದಿಂದ ಬಿಗಿಯುವ ಸಾಧನ) ಇರುವವರಿಗೆ ನಾನು ಹೇಳುವುದು ಗಾಡಿಯಲ್ಲೇ ಕೂರಿಸುವುದನ್ನು. ಸುರಿಯುವ ಮಳೆಯಲ್ಲಿ ಬಾನೆಟ್ ಎತ್ತಿ ಕ್ಲಿಪ್ ಹುಡುಕುವ ಪಾಡು ತಪ್ಪುತ್ತದೆ. ಖರ್ಚು ಮಾತ್ರ ಕಂಪ್ರೆಸರಿಗೇ ಮುಗಿಯುವುದಿಲ್ಲ: ದಪ್ಪ ವೈರ್, ರಿಲೇ (ಸಣ್ಣ ಸ್ವಿಚ್ಚಿನಿಂದ ದೊಡ್ಡ ಕರೆಂಟು ಹರಿಸುವ ಸಾಧನ), ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಫ್ಯೂಸನ್ನು ಕಂಪ್ರೆಸರಿನ ತುದಿಗೆ ಹಾಕಿದರೆ, ನಡುವೆ ವೈರ್ ಸವೆದು ಗಾಡಿಯ ಲೋಹದ ಮೈಗೆ ತಗುಲಿದಾಗ ಬೆಂಕಿಯನ್ನು ತಡೆಯುವವರಿಲ್ಲ. ಎಕ್ಸಾಸ್ಟಿನ ಬಿಸಿ ತಾಗದ, ಹಳ್ಳ ದಾಟುವಾಗ ನೀರು ಮುಟ್ಟದ ಎತ್ತರದ ಜಾಗ ಹುಡುಕಿ.

ಎರಡಕ್ಕೂ ಇಂಜಿನ್ ಓಡುತ್ತಿರಲಿ. ಕೂರಿಸಿದ ದಿನವೇ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದಲ್ಲಿ ಗಾಳಿ ಸೋರುತ್ತಿದೆ.